ಮೂವತ್ತೊಂದನೆಯ ಅಚ್ಚು

ಕುಮಟಾದಿಂದ ಹೊನ್ನಾವರದ ಕಡೆ ಹೋಗುವ ರೈಲುಹಳಿಯ ಪಕ್ಕ ನಾನು ನೋಡಿಕೊಳ್ಳುತ್ತಿದ್ದ ಒಂದು ಯಂತ್ರವಿತ್ತು. ಗಾಡಿ ಹಾದುಹೋಗುವಾಗ ಅದರ ಸೆನ್ಸರುಗಳು ಪ್ರತಿ ಗಾಲಿಯ ಬೇರಿಂಗಿನ ಬಿಸಿಯನ್ನು ಮುಟ್ಟದೆಯೇ ಅಳೆಯುತ್ತಿದ್ದವು. ಒಂದು ಬೇರಿಂಗು ಉಳಿದವಕ್ಕಿಂತ ತೀರಾ ಹೆಚ್ಚು ಕಾದಿದ್ದರೆ ನನ್ನ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಬೇರಿಂಗು ಹಾಗೆಯೇ ಬಿಸಿಯೇರುತ್ತ ಹೋದರೆ ಗಾಲಿ ಕೂರಿಸಿದ ಅಚ್ಚು ಮುರಿದು ಬೋಗಿ ಹಳಿ ತಪ್ಪುತ್ತದೆ.

ಆ ವಾರ ಎರಡು ಸಲ ಸುಳ್ಳು ಗಂಟೆಯಾಗಿತ್ತು. ಇಳಿಬಿಸಿಲು ನೇರ ಸೆನ್ಸರಿಗೆ ಬಡಿದದ್ದೇ ಕಾರಣ. ಎರಡೂ ಸಲ ಗಾಡಿ ನಿಲ್ಲಿಸಿ ಬೈಸಿಕೊಂಡಿದ್ದೆ. ಮೂರನೆಯ ಸಲ ಒಂದು ಗೂಡ್ಸಿನ ಮೂವತ್ತೊಂದನೆಯ ಅಚ್ಚಿಗೆ ಗಂಟೆ ಬಾರಿಸಿದಾಗ, ಮುಂದಿನ ಸ್ಟೇಷನ್ನಿನ ಮಾಸ್ತರರು ಫೋನಿನಲ್ಲಿ ಕೇಳಿದರು:

"ಎಂತ, ಇವತ್ತೂ ಬಿಸಿಲಾ? ನಿಲ್ಸೂದಾ, ಬಿಡೂದಾ?"

"ಬಿಡಿ ಸರ್, ಭಟ್ಕಳದಲ್ಲಿ ನೋಡ್ವ."

ಫೋನಿಟ್ಟು ಹೊರಗೆ ಬಂದೆ. ಆಕಾಶದ ತುಂಬ ಮೋಡ. ಬೆಳಗಿನಿಂದ ಬಿಸಿಲೇ ಬಿದ್ದಿರಲಿಲ್ಲ.

ಓಡಿಹೋಗಿ ಮತ್ತೆ ಫೋನು ಮಾಡಿದೆ. "ಹೋಗಾತಲ್ಲ ಮಾರಾಯ್ರೆ, ಶರಾವತಿ ಸೇತುವೆ ಹತ್ರ ಇರ್ಬೇಕು," ಎಂದರು. ಚಾಲಕ ವಾಕಿಟಾಕಿಗೆ ಸಿಗಲಿಲ್ಲ. ಆ ಸೇತುವೆ ಎಷ್ಟು ಉದ್ದವೆಂದು ನನಗೆ ಗೊತ್ತಿತ್ತು. ಕೆಳಗೆ ದೋಣಿಗಳಿರುತ್ತವೆ ಎಂಬುದೂ ಗೊತ್ತಿತ್ತು. ವಾಕಿಟಾಕಿಯಲ್ಲಿ ಮತ್ತೆ ಮತ್ತೆ ಕರೆಯುತ್ತಿದ್ದೆ.

ಗಾಡಿ ಸೇತುವೆ ದಾಟಿತು. ಮಂಕಿಯ ಹತ್ತಿರ ಗೇಟು ಕಾಯುತ್ತಿದ್ದ ಹೆಂಗಸು ಗಾಲಿಯಿಂದ ಹೊಗೆ ಏಳುವುದನ್ನು ಕಂಡು, ಕೊನೆಯ ಬೋಗಿಯಲ್ಲಿದ್ದ ಗಾರ್ಡಿಗೆ ಕೆಂಪು ಬಾವುಟ ಬೀಸಿ ಕೂಗಿದಳಂತೆ. ಅವರು ಗಾಡಿ ನಿಲ್ಲಿಸಿದರು. ನಾನು ಬೈಕಿನಲ್ಲಿ ಹೋಗಿ ತಲುಪಿದಾಗ ಬೇರಿಂಗು ಸುಟ್ಟು, ಅಚ್ಚಿನ ತುದಿ ನೀಲಿಗಟ್ಟಿತ್ತು. ಕರಗಿದ ಗ್ರೀಸು ಜಲ್ಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನಿಮ್ಮ ಮಶೀನು ಎಂತದೂ ಹೇಳ್ಲಿಲ್ವಾ?" ಎಂದು ಆಕೆ ಕೇಳಿದಳು.

"ಹೇಳಿತ್ತು. ನಾನೇ ಕೇಳ್ಲಿಲ್ಲ."

ಆಕೆ ಚೊಂಬಿನಲ್ಲಿ ನೀರು ತಂದುಕೊಟ್ಟಳು.

ವರದಿಯಲ್ಲಿ ಮೊದಲು 'ಯಂತ್ರದ ಗೊಂದಲ' ಎಂದು ಬರೆದೆ. ಆ ಹಾಳೆ ಹರಿದು, ನಡೆದದ್ದನ್ನೇ ಬರೆದುಕೊಟ್ಟೆ. ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಯಾರಿಗೂ ಏನೂ ಆಗಲಿಲ್ಲ ಎಂದು ಹೆಂಡತಿ ಬಹಳ ದಿನ ಸಮಾಧಾನ ಹೇಳಿದಳು. ಆದರೆ ಎಷ್ಟೋ ಸಲ ನನ್ನ ಕಣ್ಣೆದುರು ಗಾಡಿ ಸೇತುವೆ ದಾಟುವುದೇ ಇಲ್ಲ.

ಈಗ ನಮ್ಮ ಮನೆ ಮಿರ್ಜಾನದಲ್ಲಿ. ಮಧ್ಯಾಹ್ನ ಉಣ್ಣುವಾಗ ಗೂಡ್ಸಿನ ಸದ್ದು ಕೇಳಿದರೆ ಕೈ ತಟ್ಟೆಯಲ್ಲೇ ನಿಲ್ಲುತ್ತದೆ. ಸದ್ದು ಪೂರ್ತಿ ಅಡಗುವ ತನಕ ತುತ್ತು ಎತ್ತುವುದಿಲ್ಲ. ಹೆಂಡತಿ ಸಾರಿನ ಸೌಟು ಹಿಡಿದು ಕಾಯುತ್ತಾಳೆ.