ನಾಯಕರಿಗಾಗಿ ಪ್ರಾರ್ಥಿಸುತ್ತಿದ್ದ ಫಿಲೆಮೋನ ಕಾಕಾ

ಭಾಲ್ಕಿಯ ಚರ್ಚಿಗೆ ಭಾನುವಾರ ಹೊರಡುವ ಹೆಂಗಸರು ಒಲೆ ಆರಿಸಿಯೇ ಬರುತ್ತಿದ್ದರು. ಸಣ್ಣ ಉರಿಯ ಮೇಲೆ ಬೇಳೆ ಇಟ್ಟು, ಹೀಗೆ ಹೋಗಿ ಹಾಗೆ ಬಂದೇನು ಎಂದುಕೊಂಡವರೆಲ್ಲ ಒಮ್ಮೆಯಾದರೂ ಸುಟ್ಟ ಪಾತ್ರೆ ತಿಕ್ಕಿದ್ದರು. ತಪ್ಪು ಪಾಸ್ಟರ ಪ್ರಸಂಗದ್ದಲ್ಲ. ಪ್ರಸಂಗ ಮುಗಿದ ಮೇಲೆ ‘ಸಭಾನಾಯಕರಿಗಾಗಿ ಪ್ರಾರ್ಥನೆ’ ಎಂಬುದೊಂದು ಬರುತ್ತಿತ್ತು. ಅದನ್ನು ಮಾಡುತ್ತಿದ್ದವರು ಫಿಲೆಮೋನ ಕಾಕಾ.

ಕಾಕಾ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಇಂಜಿನ್ನಿನ ಸದ್ದನ್ನೂ ಸಂತೆ ದಿನದ ಗದ್ದಲವನ್ನೂ ಸೀಳಿಕೊಂಡು ಹಿಂದಿನ ಸೀಟಿಗೆ ಮುಟ್ಟಬೇಕಾದ ದನಿ ಅವರದು. ದೇವರು ಅಷ್ಟು ದೂರದಲ್ಲಿ ಕೂತಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಪ್ರಾರ್ಥನೆಯೂ ಎಕ್ಸ್‌ಪ್ರೆಸ್ ಅಲ್ಲ, ಎಲ್ಲ ಸ್ಟಾಪಿಗೂ ನಿಲ್ಲುವ ಗಾಡಿ. ಬೀದರಿನಿಂದ ಹೊರಟರೆ ಒಬ್ಬ ಪಾಸ್ಟರ ಮೊಣಕಾಲು ನೋವು, ಕಮಠಾಣದಲ್ಲಿ ಇನ್ನೊಬ್ಬರ ಮಗಳ ನರ್ಸಿಂಗ್ ಪರೀಕ್ಷೆ, ಮುಂದಿನ ಊರಿನಲ್ಲಿ ಮತ್ತೊಬ್ಬರ ಹೆಂಡತಿಯ ಮುನಿಸು, ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತ ಸಾಗುತ್ತಿತ್ತು.

ಮೊದಲ ಸೀಟು ಮಾತ್ರ ಕಾಯಂ ಆಗಿ ರೆವರೆಂಡ್ ಡಾಕ್ಟರ್ ಸುಶೀಲಕುಮಾರ ಸಾಹೇಬರದು. ಅವರು ಬೀದರಿನಲ್ಲಿ ಕೂತು ಇಡೀ ಜಿಲ್ಲೆಯ ಚರ್ಚುಗಳ ಸಭೆಗಳನ್ನು ನೋಡಿಕೊಳ್ಳುವ ಹಿರಿಯರು. ‘ಡಾಕ್ಟರ್’ ಎಂಬುದು ಅವರಿಗೆ ಹೈದರಾಬಾದಿನ ಯಾವುದೋ ಹೋಟೆಲಿನಲ್ಲಿ, ಮಧ್ಯಾಹ್ನದ ಬಿರಿಯಾನಿಗೂ ಗುಂಪಿನ ಫೋಟೋಕ್ಕೂ ನಡುವೆ ಸಿಕ್ಕದ್ದು. ಒಂದು ಸಲ ಭಾಲ್ಕಿಗೆ ಬಂದಾಗ ಕಾಕಾ ಪ್ರಾರ್ಥನೆಯಲ್ಲಿ ಆ ಮಾತು ಮರೆತರು. ಸಾಹೇಬರು ಕಣ್ಣು ಮುಚ್ಚಿಕೊಂಡೇ ಕೆಮ್ಮಿದರು. ಕಾಕಾ ಗಾಡಿ ರಿವರ್ಸ್ ತೆಗೆದುಕೊಂಡು, “ಡಾಕ್ಟರ್ ಸುಶೀಲಕುಮಾರ ಸಾಹೇಬರನ್ನು, ತಂದೆಯೇ” ಎಂದು ತಿದ್ದಿ ಮುಂದೆ ಹೋದರು. ಸರ್ವಜ್ಞನಾದ ದೇವರಿಗೂ ಕೆಲವು ಮಾಹಿತಿ ಹೊಸದಾಗಿರುತ್ತದೆ.

ಆ ದಿನ ಆರಾಧನೆ ಮುಗಿದ ಮೇಲೆ ಸಾಹೇಬರು ಕಾಕಾನ ಹೆಗಲ ಮೇಲೆ ಕೈಯಿಟ್ಟು, “ನಿಮ್ಮಂಥವರ ಪ್ರಾರ್ಥನಾದಿಂದನ ನಾವು ನಿಂತೀವಿ ನೋಡ್ರಿ, ಬ್ರದರ್” ಎಂದಿದ್ದರು. ಸಾಹೇಬರು ಇದನ್ನು ಕುರ್ಚಿ ಜೋಡಿಸಿದವನಿಗೂ ಹೇಳುತ್ತಾರೆ, ಮೈಕಿನವನಿಗೂ ಹೇಳುತ್ತಾರೆ. ಕಾಕಾ ಮಾತ್ರ ಅದನ್ನು ಮನೆಗೆ ತೆಗೆದುಕೊಂಡು ಹೋದರು. ಸಾಹೇಬರ ಪಿತ್ತಕೋಶದ ಆಪರೇಷನ್ ಚೆನ್ನಾಗಿ ಆದಾಗ, ಶ್ರೇಯಸ್ಸಿನಲ್ಲಿ ಆಸ್ಪತ್ರೆಯ ಡಾಕ್ಟರಿಗೆ ಅರ್ಧ ಬಿಟ್ಟುಕೊಟ್ಟು ಉಳಿದರ್ಧ ತಾವೇ ಇಟ್ಟುಕೊಂಡರು.

ಹೆಂಡತಿ ಶಾಲುಬಾಯಿಗೆ ಇದೆಲ್ಲ ಕಂಡರೆ ಮೈ ಉರಿಯುತ್ತಿತ್ತು.

“ಸಾಹೇಬರ ಶುಗರ್ ಎಷ್ಟದಂತ ನಿಮಗ ಬಾಯಿಪಾಠ ಅದ. ನನ್ನ ಬಿ.ಪಿ. ಎಷ್ಟದ, ಹೇಳ್ರಿ ನೋಡೋಣು?”

“ನಿಂದು ದೇವ್ರಿಗಿ ಗೊತ್ತದ ಬಿಡು.”

“ಮತ್ತ ಅವರದು ದೇವ್ರಿಗಿ ಗೊತ್ತಿಲ್ಲೇನು? ಮೈಕ್ ಹಚ್ಚಿ ಹೇಳ್ತೀರಲ್ಲ!”

ಇದಕ್ಕೆ ಕಾಕಾ ಉತ್ತರ ಕೊಡುತ್ತಿರಲಿಲ್ಲ. ದೊಡ್ಡ ಜವಾಬ್ದಾರಿ ಹೊತ್ತವರು ಸಣ್ಣ ಮಾತಿಗೆ ಉತ್ತರ ಕೊಡಬಾರದು ಎಂದು ಅವರು ಸಾಹೇಬರನ್ನು ನೋಡಿಯೇ ಕಲಿತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಸಾಹೇಬರ ಸಂದೇಶ ಬಂತು. ಇವು ಸವಾಲಿನ ದಿನಗಳು. ಸಭಾನಾಯಕರಿಗಾಗಿ ಇಂದು ಮನೆಮನೆಯಲ್ಲೂ ಉಪವಾಸ ಪ್ರಾರ್ಥನೆ ನಡೆಯಲಿ. ನಿಮ್ಮ ಮನೆಯಲ್ಲಿ ಮಾತ್ರವಲ್ಲ, ಬೇರೆ ತಾಲೂಕುಗಳ ಬಂಧುಗಳ ಮನೆಗೂ ಹೋಗಿ ಪ್ರಾರ್ಥಿಸಿರಿ. ಕೆಳಗೆ ಸಾಹೇಬರು ಬೆಟ್ಟದ ಕಡೆ ನೋಡುತ್ತ ನಿಂತ ಫೋಟೋ. ಸವಾಲು ಯಾವುದು ಎಂದು ಬರೆದಿರಲಿಲ್ಲ. ಈಗಿನ ಕಾಲದ ಪರಿಸ್ಥಿತಿ ಎಂದು ಕೆಲವರು ತಿಳಿದರು. ಸಾಹೇಬರ ಕುರ್ಚಿಯ ಅವಧಿ ಆ ತಿಂಗಳಿಗೆ ಮುಗಿಯುವುದಿತ್ತು, ಅದೇ ಎಂದು ಇನ್ನು ಕೆಲವರು. ಅಂತೂ ಗುಂಪಿನಲ್ಲಿದ್ದವರೆಲ್ಲ ಕೈ ಮುಗಿದ ಚಿತ್ರ ಒತ್ತಿ ತಂತಮ್ಮ ಕೆಲಸಕ್ಕೆ ಹೋದರು. ಇದನ್ನು ಆಜ್ಞೆ ಎಂದು ತಿಳಿದು ಕೈಚೀಲ ಎತ್ತಿಕೊಂಡವರು ಇಡೀ ಜಿಲ್ಲೆಯಲ್ಲಿ ಒಬ್ಬರೇ.

“ಔರಾದಕ್ಕ ಹೋಗೋಣು, ಅಕ್ಕನ ಮನಿಗಿ,” ಎಂದರು ಕಾಕಾ.

“ನಾಷ್ಟಾ?” ಎಂದಳು ಶಾಲುಬಾಯಿ.

“ಉಪವಾಸ ಅಂತ ಬರದಾರಲ್ಲ.”

ಔರಾದದಲ್ಲಿ ಕಾಕಾನ ಅಕ್ಕ ಅಂಜನಾಬಾಯಿ ಇದ್ದಳು. ಗಂಡ ತೀರಿಕೊಂಡವಳು, ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಬೇಯಿಸಿ ಬಡಿಸುವ ಆ ಕೆಲಸವೇ ಅವಳ ಊಟ, ಅದೇ ಅವಳ ಮಾನ. ತಮ್ಮ ಬಂದನೆಂದು ಅಂದು ರಜೆ ಹಾಕಿ, ಓಣಿಯ ನಾಲ್ಕಾರು ಕ್ರೈಸ್ತ ಹೆಂಗಸರನ್ನು ಕರೆದು ಚಾಪೆ ಹಾಸಿದಳು. ಕಾಕಾ ಕಣ್ಣು ಮುಚ್ಚಿ ಬೀದರಿನಿಂದ ಗಾಡಿ ಬಿಟ್ಟರು. ಕಿಟಕಿ ತೆರೆದಿತ್ತು. ಕಂಡಕ್ಟರನ ದನಿ ಓಣಿ ದಾಟಿ, ಚೌಕು ದಾಟಿ ಹೋಯಿತು.

ಗಾಡಿ ಇನ್ನೂ ಕಮಠಾಣ ಮುಟ್ಟಿರಲಿಲ್ಲ, ಬಾಗಿಲಲ್ಲಿ ನಾಲ್ಕೈದು ಹುಡುಗರು ಮೊಬೈಲು ಎತ್ತಿ ಹಿಡಿದು ನಿಂತಿದ್ದರು.

“ಯಾರ್ನ ಮತಾಂತರ ಮಾಡ್ಲಾಕತ್ತೀರಿ ಇಲ್ಲಿ?” ಎಂದನೊಬ್ಬ.

ಕಾಕಾ ಕಣ್ಣು ತೆರೆದು ಸುತ್ತ ನೋಡಿದರು. “ಈಕಿ ನಮ್ಮಕ್ಕ. ಈಕಿ ನನ್ನ ಹೆಂಡ್ತಿ. ಉಳಿದವರು ಅವರಪ್ಪನ ಕಾಲದಿಂದ ಚರ್ಚಿಗಿ ಹೋಗೋರು. ಯಾರ್ನ ಮಾಡ್ಲಿ, ನೀವ ಹೇಳ್ರಪಾ.”

ಹುಡುಗರಿಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಚಾಪೆಯ ಮೇಲಿದ್ದವರೆಲ್ಲ ಠಾಣೆಯ ಬೆಂಚಿನ ಮೇಲೆ ಕೂತರು.

ಪಿ.ಎಸ್.ಐ. ವಯಸ್ಸಿನಲ್ಲಿ ಚಿಕ್ಕವರು, ದಣಿದಿದ್ದರು. “ಪಾದ್ರಿ ಯಾರು?” ಎಂದು ಕೇಳಿದರು.

“ಪಾದ್ರಿ ಯಾರಿಲ್ರಿ, ನಾ ಕಂಡಕ್ಟರ್.”

“ಮತ್ತ ಪ್ರಾರ್ಥನೆ ಮಾಡಂತ ಯಾರ ಹೇಳಿದ್ರು?”

ಕಾಕಾ ಬೆನ್ನು ನೆಟ್ಟಗೆ ಮಾಡಿ, ಬಿರುದು ಸಮೇತ ಸಾಹೇಬರ ಪೂರ್ತಿ ಹೆಸರು ಹೇಳಿದರು. ಆ ಹೆಸರಿಗೆ ಠಾಣೆಯ ಫ್ಯಾನು ನಿಂತೀತು ಎಂಬ ನಿರೀಕ್ಷೆ ಅವರದು. ಫ್ಯಾನು ತಿರುಗುತ್ತಲೇ ಇತ್ತು.

ಪಿ.ಎಸ್.ಐ. ಮಾತು ಸರಳವಾಗಿತ್ತು. “ನೋಡ್ರಿ ಕಾಕಾ, ಹುಡುಗರು ವಿಡಿಯೋ ಬಿಟ್ಟಾರ, ನನಗೂ ಮ್ಯಾಲಿಂದ ಫೋನ್ ಬರ್ಲಾಕತ್ತಾವ. ನಿಮ್ಮ ಸಾಹೇಬರಿಗೆ ಫೋನ್ ಹಚ್ರಿ. ಇವರು ನಮ್ಮ ಮಂದಿ, ಇದು ನಮ್ಮ ಸಭೆಯ ಪ್ರಾರ್ಥನೆ, ನಾನ ಹೇಳಿದ್ದು ಅಂತ ಅವರು ಅಂದ್ರ ಸಾಕು, ಮನೆಗೆ ಹೋಗ್ರಿ. ಇಲ್ಲಂದ್ರ ಮನೆ ಯಾರದೋ ಅವರ ಹೆಸರು ಬರೀಬೇಕಾಗ್ತದ. ಸರ್ಕಾರಿ ಕೆಲಸದಾಗ ಇದ್ದಾರಂತೀರಿ, ಅವರ ಆಫೀಸಿಗೂ ಹೋಗ್ತದ ಅದು.”

ಅಂಜನಾಬಾಯಿ ಸೆರಗು ಬಿಗಿಹಿಡಿದುಕೊಂಡಳು. “ಅಕ್ಕಾ, ಒಂದ ಮಾತಿನ ಕೆಲಸ,” ಎಂದರು ಕಾಕಾ, ನಗುತ್ತಲೇ. ಕಾನ್‌ಸ್ಟೆಬಲ್ ಒಬ್ಬ ಎಲ್ಲರಿಗೂ ಚಹಾ ತಂದಿಟ್ಟ. ಕಾಕಾ ಮುಟ್ಟಲಿಲ್ಲ. “ಉಪವಾಸ ಅದ. ಸಾಹೇಬರ ಸಲುವಾಗಿ.”

ಫೋನು ಸ್ಪೀಕರಿನಲ್ಲಿತ್ತು. “ಪ್ರೈಸ್ ದ ಲಾರ್ಡ್ ಬ್ರದರ್,” ಎಂದಿತು ಸಾಹೇಬರ ತುಂಬು ದನಿ. ಕಾಕಾ ನಡೆದದ್ದೆಲ್ಲ ಹೇಳಿದರು. ಪಿ.ಎಸ್.ಐ. ಬಗ್ಗಿ, “ಇವರು ನಿಮ್ಮವರೇನ್ರಿ?” ಎಂದು ಕೇಳಿದರು.

“ಹೀಗದ ನೋಡ್ರಿ ಸರ್,” ಎಂದಿತು ದನಿ. ಅದರ ತುಂಬು ಎಲ್ಲೋ ಸೋರಿಹೋಗಿತ್ತು. “ನಮ್ಮ ಸಭಾದಾಗ ಸಾವಿರಾರು ಮಂದಿ ಇದ್ದಾರ. ಈ ಮನುಷ್ಯಾ ಯಾರಂತ ನನಗ ಖಾತ್ರಿ ಇಲ್ಲ. ಹಂಗ ಮನಿಮನಿಗಿ ಹೋಗ್ರಿ ಅಂತ ನಾವು ಯಾರಿಗೂ ಹೇಳಂಗಿಲ್ಲ. ಕಾನೂನು ಪ್ರಕಾರ ಏನದ, ನೀವು ಮಾಡ್ರಿ.”

“ಸಾಹೇಬ್ರ, ನಾನ್ರಿ, ಫಿಲೆಮೋನ! ಭಾಲ್ಕಿ! ಮುಂಜಾನಿ ನಿಮ್ಮ ಮೆಸೇಜ್...”

ಫೋನು ಕಟ್ಟಾಯಿತು. ಕಾಕಾ ವಾಟ್ಸಾಪ್ ಗುಂಪು ತೆರೆದರು. “ಇಲ್ಲಿ ಅದರಿ, ನೋಡ್ರಿ, ಮುಂಜಾನಿ...” ಸಂದೇಶವೂ ಇತ್ತು, ಬೆಟ್ಟ ನೋಡುವ ಫೋಟೋವೂ ಇತ್ತು. ಕನ್ನಡಕ ಸರಿ ಮಾಡಿಕೊಂಡು ಪಿ.ಎಸ್.ಐ. ಕಡೆ ತಿರುಗಿಸುವಷ್ಟರಲ್ಲಿ ಎರಡೂ ಇರಲಿಲ್ಲ. ಆ ಜಾಗದಲ್ಲಿ, ಸಂದೇಶ ಅಳಿಸಲಾಗಿದೆ ಎಂಬ ಬೂದು ಸಾಲು. ಕೆಳಗೆ ಮುಗಿದ ಕೈಗಳು ಮಾತ್ರ ಸಾಲಾಗಿ ಉಳಿದಿದ್ದವು, ಯಾರಿಗೆ ಮುಗಿದದ್ದೆಂದು ತಿಳಿಯದ ಹಾಗೆ.

“ಅಳಸ್ಯಾರಲ್ರಿ, ಕಾಕಾ,” ಎಂದರು ಪಿ.ಎಸ್.ಐ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದನ್ನೇ ಕಾಕಾಗೆ ತಡೆಯಲಾಗಲಿಲ್ಲ.

ಕಾಕಾ ಬೆಂಚಿಗೆ ಮರಳಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ, ಕೆನೆಗಟ್ಟಿದ್ದ ತಣ್ಣನೆ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಶಾಲುಬಾಯಿ ನೋಡಿದಳು. ಆಡಲು ಅವಳ ಹತ್ತಿರ ಬೇಕಾದಷ್ಟಿತ್ತು. ತನ್ನ ಲೋಟವನ್ನೂ ಅವರ ಕಡೆ ಸರಿಸಿದಳು.

ಸಂಜೆ ಎಲ್ಲರನ್ನೂ ಬಿಟ್ಟರು. ಆದರೆ ಅಂಜನಾಬಾಯಿಯ ಹೆಸರು ಕಾಗದಕ್ಕೆ ಬಿದ್ದಿತ್ತು. ವಿಚಾರಣೆ ಆಗುವ ತನಕ ಕೆಲಸಕ್ಕೆ ಬರಬೇಡವೆಂದು ಮರುದಿನವೇ ಅವಳಿಗೆ ಹೇಳಿಕಳಿಸಿದರು. ಭಾಲ್ಕಿಗೆ ಹೊರಟ ತಮ್ಮನನ್ನು ಅವಳು ಹೊಸ್ತಿಲಲ್ಲಿ ನಿಲ್ಲಿಸಿ ಕೇಳಿದಳು:

“ಇಷ್ಟು ವರ್ಷ ಅವರ ಹೆಸರು ದೇವ್ರಿಗಿ ಹೇಳ್ದಿ ತಮ್ಮಾ. ಒಂದ್ ಸಲ ಅವರಿಗಿ ನಿನ್ನ ಹೆಸರು ಹೇಳಬೇಕಾಗಿತ್ತಲ್ಲೋ.”

ಕಾಕಾ ಭಾಲ್ಕಿಗೆ ಹೋಗಲಿಲ್ಲ. ಹೆಂಡತಿಯನ್ನು ಬಸ್ಸು ಹತ್ತಿಸಿ ತಾವು ಬೀದರಿಗೆ ಹೋದರು. ದಾರಿಯುದ್ದಕ್ಕೂ ಸಾಹೇಬರ ಪರವಾಗಿ ತಾವೇ ವಾದಿಸಿದರು. ಫೋನು ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಪಕ್ಕದಲ್ಲಿ ಯಾರೋ ಕೂತಿರಬೇಕು. ಎದುರಿಗೆ ನಿಂತರೆ ಗುರುತು ಹಿಡಿಯದೆ ಇರುತ್ತಾರೆಯೇ?

ಬೀದರಿನ ನೌಬಾದದಲ್ಲಿ ಸಾಹೇಬರ ಹೊಸ ಮನೆ. ಗೇಟಿನ ಫಲಕದಲ್ಲಿ ಬಿರುದುಗಳೇ ತುಂಬಿಕೊಂಡು ಹೆಸರಿಗೆ ಜಾಗ ಸಾಲದೆ, ‘ಕುಮಾರ’ ಎರಡನೆಯ ಸಾಲಿಗೆ ಇಳಿದಿತ್ತು. “ಬರ್ರಿ ಬರ್ರಿ ಬ್ರದರ್!” ಎಂದು ಸಾಹೇಬರು ಕೈ ಹಿಡಿದು ಸೋಫಾದಲ್ಲಿ ಕೂರಿಸಿದರು. ಗುರುತೂ ಹಿಡಿದರು. “ಔರಾದದವರಲ್ಲ?”

“ಭಾಲ್ಕಿರಿ. ಔರಾದದಾಗಿರೋದು ನಮ್ಮಕ್ಕ.”

“ಹಾಂ, ಹಾಂ. ನಿನ್ನೆಯಿಂದ ನನಗ ನಿದ್ದಿ ಇಲ್ಲ, ಬ್ರದರ್. ಆ ಹೊತ್ತಿಗಿ ನಾ ಹೂಂ ಅಂದಿದ್ರ ಕುತ್ತು ಇಡೀ ಸಭಾಕ್ಕ ಬರ್ತಿತ್ತು. ಕುರಿ ಉಳೀಬೇಕಂದ್ರ ಕುರುಬ ಉಳೀಬೇಕಲ್ಲ?”

ಕಾಕಾ ಅದಕ್ಕೆ ವಾದ ಮಾಡಲಿಲ್ಲ. “ಆಗಿದ್ದು ಆಗಿಹೋತ್ರಿ. ಈಗ ಅಕ್ಕನ ಆಫೀಸಿಗಿ ಬಂದು ಒಂದ್ ಮಾತು ಹೇಳ್ರಿ. ಈಕಿ ನಮ್ಮ ಸಭಾದಾಕಿ, ಪ್ರಾರ್ಥನಾ ಮಾಡ್ರಂದಿದ್ದು ನಾನು ಅಂತ. ಅಷ್ಟ. ಆಕಿ ಕೆಲಸ ಉಳೀತದ.”

ಸಾಹೇಬರು ದೀರ್ಘ ಉಸಿರೆಳೆದರು. “ಪ್ರಾರ್ಥನೆ ಮಾಡೋಣ,” ಎಂದರು.

ಬೇಡದ ಮಾತು ಮುಗಿಸಲು ದೊಡ್ಡವರ ಹತ್ತಿರ ಇದೊಂದು ಉಪಾಯವಿದೆ. ಕಣ್ಣು ಮುಚ್ಚಿದವನನ್ನು ಯಾರೂ ಮುಂದಿನ ಪ್ರಶ್ನೆ ಕೇಳಲಾರರು. ಸಾಹೇಬರು ಕಾಕಾನ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದರು. “ಪರಲೋಕದ ತಂದೆಯೇ, ನಿನ್ನ ಈ ಬಡ ದಾಸನಾದ...” ಅಲ್ಲಿಗೆ ನಿಂತರು. ಕಣ್ಣು ತೆರೆಯದೆಯೇ, ದನಿ ತಗ್ಗಿಸಿ ಕೇಳಿದರು:

“ಹೆಸರೇನಂದ್ರಿ, ಬ್ರದರ್?”

ಕಾಕಾ ಹೇಳಿದರು. ಯಾವ ಬಸ್ಸಿನಲ್ಲೂ ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದವರಲ್ಲ.

“...ಫಿಲೆಮೋನನು ಅವಸರದಿಂದ, ಅರಿಯದೆ, ನಿನ್ನ ಸಭೆಗೆ ತಂದ ತೊಂದರೆಯನ್ನು ಕ್ಷಮಿಸು...”

ಕಾಕಾ ಕಣ್ಣು ತೆರೆದರು. ಯಾರೂ ಅಡ್ಡ ಬರದೆ, ಪ್ರಾರ್ಥನೆಯ ನಡುವೆ ತಾವಾಗಿಯೇ ಕಣ್ಣು ತೆರೆದದ್ದು ಅವರಿಗೆ ಬುದ್ಧಿ ಬಂದ ಮೇಲೆ ಅದೇ ಮೊದಲು. ಸಾಹೇಬರ ಒಂದು ಕೈ ತಮ್ಮ ತಲೆಯ ಮೇಲಿತ್ತು. ಇನ್ನೊಂದು ಕೈ ಮೇಜಿನ ಮೇಲೆ ಗುಣುಗುಡುತ್ತಿದ್ದ ಫೋನನ್ನು ಮೆಲ್ಲಗೆ ಬೋರಲು ಹಾಕುತ್ತಿತ್ತು. ಪ್ರಾರ್ಥನೆ ಸುಖವಾಗಿ ಸಾಗಿ, ನಾಯಕರ ಮೇಲೆ ಕೃಪೆ ಬೇಡಿ, ‘ಆಮೆನ್’ಗೆ ಬಂದು ನಿಂತಿತು.

ಎದುರಿಗಿದ್ದವರು ಆಮೆನ್ ಎನ್ನಬೇಕು. ಅನ್ನದಿದ್ದರೆ ಪ್ರಾರ್ಥನೆ ನಡುದಾರಿಯಲ್ಲಿ ಕೆಟ್ಟು ನಿಂತ ಗಾಡಿ. ಸಾಹೇಬರು ಕಾದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, “ಆಮೆನ್” ಎಂದರು. ಆಮೇಲೆ ಒಂದು ಕಣ್ಣು ತೆರೆದು ನೋಡಿದರು. ಕಾಕಾ ತಲೆಯನ್ನು ಆ ಕೈಯ ಕೆಳಗಿನಿಂದ ಸರಿಸಿಕೊಂಡು, ಎದ್ದು, ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಮರುದಿನ ಔರಾದದ ಅಂಗನವಾಡಿ ಆಫೀಸಿನಲ್ಲಿ ಕಾಕಾ ಅಕ್ಕನ ಪಕ್ಕದಲ್ಲಿ ನಿಂತಿದ್ದರು. ವಿಚಾರಣೆಗೆ ಕೂತ ಮೇಡಂ ಪೆನ್ನು ಹಿಡಿದು ಕೇಳಿದರು, “ಪ್ರಾರ್ಥನೆ ಇಟ್ಟಿದ್ದು ಈಕಿನ?”

“ಅಲ್ರಿ, ಮೇಡಂ. ನಾನು. ಆಕಿ ಚಾಪಿ ಹಾಸ್ಯಾಳ, ಅಷ್ಟ. ತಮ್ಮ ಬಂದ್ರ ಯಾರರೆ ನೆಲದ ಮ್ಯಾಲ ಕೂಡಸ್ತಾರೇನ್ರಿ? ಬರಕೊಳ್ರಿ, ಎಲ್ಲಾ ನನ್ನ ಮ್ಯಾಲ.”

“ನಿಮ್ಮ ಮೇಲಿನವರು ಯಾರು? ಮಾಡಂತ ಹೇಳಿದವರ ಹೆಸರು ಹೇಳ್ರಿ.”

ನಿದ್ದೆಯಲ್ಲಿ ಎಬ್ಬಿಸಿದರೂ ಬಿರುದು ಸಮೇತ ಉರುಳುತ್ತಿದ್ದ ಹೆಸರು. ಕಾಕಾ ಮೇಡಂ ಹಿಂದಿನ ಗೋಡೆ ನೋಡಿದರು.

“ಯಾರೂ ಇಲ್ರಿ,” ಎಂದರು.

ಮೇಡಂ ಬರೆದುಕೊಂಡರು. ಮೇಲಕ್ಕೆ ಕಳಿಸುತ್ತೇನೆ, ನೋಡೋಣ, ಎಂದರು. ಹೊರಗೆ ಬಂದ ಮೇಲೆ ಅಂಜನಾಬಾಯಿ ತಮ್ಮನ ತೋಳು ಹಿಡಿದು ನಿಲ್ಲಿಸಿದಳು.

“ಹೆಸರ ಯಾಕ ಹೇಳ್ಲಿಲ್ಲ? ಇನ್ನಾ ಅವರ ಮ್ಯಾಲ ಅಷ್ಟು ಜೀವ ಅದ ಏನು?”

“ನೆನಪಾಗ್ಲಿಲ್ಲ ಅಕ್ಕಾ,” ಎಂದರು ಕಾಕಾ. “ಅವರಿಗೂ ನಂದು ನೆನಪಿರ್ಲಿಲ್ಲ.”

ಅವಳು ನಂಬಲಿಲ್ಲ. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.