ಕೂರಿಸಿ ಕುಡಿಸುವ ಚನ್ನಕೃಷ್ಣಪ್ಪ

ಅನುಗೊಂಡನಹಳ್ಳಿಯ ಚನ್ನಕೃಷ್ಣಪ್ಪನಿಗೆ ಕಾಕ್‌ಟೇಲ್ ಪಾರ್ಟಿಯ ಹುಚ್ಚು ಹತ್ತಿದ್ದು, ವೈಟ್‌ಫೀಲ್ಡಿನ ಫ್ಲಾಟೊಂದರಲ್ಲಿ ಗಂಡಸರೆಲ್ಲ ಒಂದೇ ಕೋಣೆಯಲ್ಲಿ ಗ್ಲಾಸು ಹಿಡಿದು ನಗುವುದನ್ನು ಕಂಡ ಮೇಲೆ. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವನೇ ನಿಂಬೆಹಣ್ಣು ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾನೆ, ಪುದೀನ ಜಜ್ಜುತ್ತಾನೆ, ಹನ್ನೆರಡು ಗ್ಲಾಸನ್ನೂ ಪಂಚೆಯ ತುದಿಯಿಂದ ಒರೆಸಿ ಬೆಳಕಿಗೆ ಹಿಡಿಯುತ್ತಾನೆ. "ಮನೇಲೇ ಕುಡೀರ್ಲಾ, ಮರ್ಯಾದಸ್ತರಂಗೆ ಕೂತ್ಕೊಂಡು!" ಎಂಬುದು ಅವನ ಮಂತ್ರ. ಆದರೆ ಬರುವವರೆಲ್ಲ ನೆಂಟರೇ. ಹಿರಿಯರ ಮುಂದೆ ಗ್ಲಾಸು ಹಿಡಿಯುವುದುಂಟೇ? ಮಾವನನ್ನು ಕಂಡ ಅಳಿಯ ನೀರಿನ ತೊಟ್ಟಿಯ ಹಿಂದಕ್ಕೆ, ದೊಡ್ಡಪ್ಪನನ್ನು ಕಂಡವನು ಕೊಟ್ಟಿಗೆಗೆ, ಬೀಗರನ್ನು ಕಂಡವನು ಬಚ್ಚಲಿಗೆ. ಚನ್ನಕೃಷ್ಣಪ್ಪ ತಟ್ಟೆ ಹಿಡಿದು, ತೀರ್ಥ ಹಂಚುವ ಪೂಜಾರಿಯಂತೆ ಮೂಲೆಮೂಲೆ ಸುತ್ತುತ್ತಾನೆ. "ಬೀಗ್ರು ಹೋದ್ರೇನಣ್ಣಾ?" ಎಂದು ಬಚ್ಚಲು ಕೇಳುತ್ತದೆ. ಇಷ್ಟೆಲ್ಲ ಯಾರಿಗಾಗಿ ಎಂಬುದು ಊರಿಗೇ ಗೊತ್ತು. ಹೊಲ ಭಾಗವಾದಾಗಿನಿಂದ, ಆರು ವರ್ಷದಿಂದ ಮಾತು ಬಿಟ್ಟಿರುವ ಅಣ್ಣ ವೆಂಕಟರಾಯಪ್ಪನಿಗಾಗಿ. ಎದುರುಬದುರು ಕೂತರೆ ಒಂದು ಮಾತಾದರೂ ಹೊರಟೀತು ಎಂಬ ಆಸೆಗೆ ಪ್ರತಿ ಸಲವೂ ಹೇಳಿಕಳಿಸುತ್ತಿದ್ದ. ಹೋದ ಭಾನುವಾರ ಅಣ್ಣ ಬಂದೇಬಿಟ್ಟ. ತೊಟ್ಟಿ, ಕೊಟ್ಟಿಗೆ, ಬಚ್ಚಲು ಒಂದೇ ಏಟಿಗೆ ತುಂಬಿದವು. ವೆಂಕಟರಾಯಪ್ಪ ಸೋಫಾದ ಮೇಲೆ ಒಬ್ಬನೇ ಕೂತು, ಖಾಲಿ ಕುರ್ಚಿಗಳನ್ನು ನೋಡಿ, "ಲೇ ಚನ್ನಾ, ಎಲ್ಲಿದ್ದೀಯೋ?" ಎಂದು ಎರಡು ಸಲ ಕೂಗಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಣ್ಣ ಬಂದರೆ ಮಾತಾಡುವ ಧೈರ್ಯಕ್ಕೆಂದು ಮೊದಲೇ ಎರಡು ಗ್ಲಾಸು ಏರಿಸಿದ್ದ ಚನ್ನಕೃಷ್ಣಪ್ಪ ಹುಲ್ಲಿನ ಮೆದೆಯ ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದ; ಆ ವಾಸನೆಯ ಬಾಯಲ್ಲಿ ಅಣ್ಣನಿಗೆ "ಬಂದೆ" ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.