ಆರ್ಡಿಸ್‌ಗೆ ಹೊಂದುವ ಕೋವಿ

ಆರ್ಡಿಸ್ ಹೌಗ್‌ಲಂಡ್ ಕೂತಲ್ಲಿ ಕೂರುವ ಹೆಂಗಸಲ್ಲ. ಮೊಂಟಾನಾದ ಪೂರ್ವದ ಬಯಲಿನಲ್ಲಿ ಅವಳ ಕುರಿಗಳಿಗೂ ನಮ್ಮ ದನಗಳಿಗೂ ನಡುವೆ ಇದ್ದದ್ದು ಒಂದು ತಂತಿಬೇಲಿ. ಅದರಾಚೆ ಅವಳು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ಕಾಫಿಯನ್ನೂ ಅಡ್ಡಾಡುತ್ತಲೇ ಕುಡಿಯುತ್ತಿದ್ದಳು. ಆದರೆ ಆ ವರ್ಷ ಕುರಿ ಈಯುವ ಕಾಲದಲ್ಲಿ ಅವಳನ್ನು ಹಿಡಿದ ಚಡಪಡಿಕೆ ಬೇರೆಯೇ.

ಕಯೋಟಿಗಳ ಕಾಟ. ನರಿಗಿಂತ ದೊಡ್ಡವು, ತೋಳಕ್ಕಿಂತ ಚಿಕ್ಕವು, ಎರಡರ ಬುದ್ಧಿಯೂ ಇರುವಂಥವು. ಹಾಡಹಗಲೇ ಬಂದು ಮರಿಗಳ ಗಂಟಲು ಕಚ್ಚಿ ಒಯ್ಯುತ್ತಿದ್ದವು. ಅಲ್ಲಿಯವರೆಗೆ ಆ ಮನೆಯಲ್ಲಿ ಕೋವಿ ಹಿಡಿಯುತ್ತಿದ್ದವನು ಅವಳ ಗಂಡ ಹಾರ್ಲನ್, ನಮ್ಮ ಸೀಮೆಗೇ ಹೆಸರಾದ ಗುರಿಗಾರ. ಹಿಂದಿನ ಚಳಿಗಾಲದಿಂದ ಅವನ ಕೈ ನಡುಗತೊಡಗಿತ್ತು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ್ದರು. ಮನೆಯಲ್ಲಿ ಇಬ್ಬರೂ ಅದನ್ನು ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕುರಿಗಳು ದಿಕ್ಕಾಪಾಲಾಗಿ ಓಡುವುದನ್ನು ಕಂಡು ಆರ್ಡಿಸ್ ಮೊಲ ಹೊಡೆಯುವ, ಗುಂಡಿನ ಅಳತೆಯಿಂದ ‘ಇಪ್ಪತ್ತೆರಡು’ ಎಂದು ಕರೆಯುವ ಸಣ್ಣ ಕೋವಿಯನ್ನೇ ಎತ್ತಿಕೊಂಡು ಓಡಿದಳು. ಕಯೋಟಿ ದೂರವಿತ್ತು. ಗುಂಡು ತಾಗಿತು, ಆದರೆ ಕೆಡವಲಿಲ್ಲ. ಅದು ಕುಂಯ್ಗುಟ್ಟಿ, ತನ್ನ ಪಕ್ಕೆಯನ್ನು ತಾನೇ ಕಚ್ಚಿಕೊಂಡು, ಕೊರಕಲಿಗೆ ಇಳಿದು ಮಾಯವಾಯಿತು. ರಕ್ತದ ಹನಿ ಹಿಡಿದು ಮಧ್ಯಾಹ್ನದವರೆಗೆ ಹುಡುಕಿದಳು. ಕಲ್ಲುನೆಲದಲ್ಲಿ ಜಾಡು ತಪ್ಪಿತು.

“ಎಲ್ಲೋ ಬಿದ್ಕೊಂಡು ನರಳ್ತಿರುತ್ತೆ,” ಎಂದಳು, ಊಟದ ತಟ್ಟೆ ದೂರ ತಳ್ಳಿ.

“ನಮ್ಮ ಮರಿ ತಿನ್ನೋ ಪ್ರಾಣಿ ಕಣೇ ಅದು,” ಎಂದ ಹಾರ್ಲನ್.

“ತಿನ್ನಲಿ. ಕೊಂದ್ರೆ ಒಂದೇ ಏಟಿಗೆ ಕೊಲ್ಬೇಕು. ಅರ್ಧಂಬರ್ಧ ಮಾಡಿ ಬಿಡೋದಲ್ಲ.”

“ಹಂಗಾದ್ರೆ ನನ್ನ ಇನ್ನೂರೆಪ್ಪತ್ತು ತಗೊ.”

ಅದು ಹಾರ್ಲನ್ ದೊಡ್ಡ ಎಲ್ಕ್ ಜಿಂಕೆಗಳನ್ನು ಕೆಡವುತ್ತಿದ್ದ ಕೋವಿ. ಹಿಡಿ ಅವಳ ತೋಳಿಗೆ ಉದ್ದ. ಮೊದಲ ಈಡಿಗೇ ಕತ್ತೆಯಂತೆ ಒದ್ದು, ಮೇಲಿನ ದುರ್ಬೀನಿನ ಅಂಚು ಹುಬ್ಬನ್ನು ಸೀಳಿತು. “ಹುಬ್ಬಿನ ಮೇಲೊಂದು ಹುಬ್ಬು ಬಂತಲ್ಲೇ!” ಎಂದು ಅವನು ನಕ್ಕ. ಅವಳು ನಗಲಿಲ್ಲ. ಆಮೇಲೆ ಟ್ರಿಗರ್ ಮುಟ್ಟುವ ಮೊದಲೇ ಅವಳ ಕಣ್ಣು ತಾನಾಗಿ ಮುಚ್ಚತೊಡಗಿತು. ಗುಂಡುಗಳೆಲ್ಲ ಹುಲ್ಲಿನ ಪಾಲಾದವು.

ಪೇಟೆಯಲ್ಲಿ ಮೇವಿನ ಅಂಗಡಿಯ ಹಿಂದೆ ಗಸ್ ಪೆಟ್ರಿಕ್‌ನ ಕೋವಿ ಅಂಗಡಿ. ಅವಳಿಗೆ ಹೋಗಲು ನಾಚಿಕೆ, ಹೋಗದಿರಲು ಸಂಕಟ. ಕಾರಿನಲ್ಲಿ ಎರಡು ಸಲ ಅಂಗಡಿ ದಾಟಿ ಹೋಗಿ, ಮತ್ತೆ ತಿರುಗಿಸಿಕೊಂಡು ಬಂದಳು. ನಾನೂ ಜೊತೆಗಿದ್ದೆ.

“ಏನು ಹೊಡೀಬೇಕು? ಎಷ್ಟು ದೂರದಿಂದ? ಹೊಡೆದದ್ದನ್ನ ತಿಂತೀಯಾ?” ಎಂದ ಗಸ್.

“ಮೊಲ ತಿಂತೀವಿ. ಕಯೋಟಿ ತಿನ್ನೋಷ್ಟು ಇನ್ನೂ ಕೆಟ್ಟಿಲ್ಲ. ಎರಡಕ್ಕೂ ಆಗೋ ಒಂದು ಕೋವಿ ಕೊಡು.”

“ಮದುವೆಗೂ ಕೊಟ್ಟಿಗೆಗೂ ಒಂದೇ ಜೋಡು ಹಾಕ್ತೀಯಾ? ಕಯೋಟಿ ಗುಂಡಲ್ಲಿ ಮೊಲ ಹೊಡೆದ್ರೆ ಪಾತ್ರೆಗೆ ಹಾಕೋಕೆ ಕಿವಿ ಮಾತ್ರ ಉಳಿಯುತ್ತೆ ತಾಯಿ. ಇಪ್ಪತ್ತೆರಡು ಮೊಲಕ್ಕಿರಲಿ.”

ಅವನು ಒಂದೊಂದೇ ಕೋವಿ ತೆಗೆದು ಅವಳ ಹೆಗಲಿಗಿಟ್ಟು ನೋಡಿದ. ‘ಇನ್ನೂರನಲವತ್ಮೂರು’ ಗಾಳಿಗೆ ಜಗ್ಗುವುದಿಲ್ಲ, ಆದರೆ ಒದೆತ ಹೆಚ್ಚು. ‘ಇನ್ನೂರಿಪ್ಪತ್ಮೂರು’ ಮೆದು, ಬಲವಾದ ಗಾಳಿಯಲ್ಲಿ ಮಾತ್ರ ದೂರದ ಗುರಿಗೆ ಕೈಯಿಕ್ಕಬಾರದು. ಅವಳು ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿದಳು, ಬಾಗಿಲವರೆಗೆ ಹೋದಳು, ಮರಳಿದಳು. ಕೊನೆಗೆ ಗಿಡ್ಡ ಹಿಡಿಯ ಇನ್ನೂರಿಪ್ಪತ್ಮೂರನ್ನೇ ಆರಿಸಿದಳು. “ಕಣ್ಣು ಬಿಟ್ಕೊಂಡು ಹೊಡೆಯೋಕಾಗೋದು ಇದೊಂದ್ರಲ್ಲೇ,” ಎಂದಳು.

ತೋಟಾದ ವಿಚಾರದಲ್ಲಿ ಗಸ್ ಇಂಥದ್ದೇ ಸರಿ ಎಂದು ಆಣೆ ಹಾಕಲಿಲ್ಲ. “ಯಾವ ಕೋವಿಗೆ ಯಾವ ತೋಟಾ ಒಗ್ಗುತ್ತೋ ಆ ಕೋವೀನೇ ಕೇಳ್ಬೇಕು,” ಎಂದು ಮೂರು ಬಗೆ ಕೊಟ್ಟ. ಮೂರೂ ಒಳಹೊಕ್ಕ ಕೂಡಲೇ ಒಡೆದು ಅಲ್ಲೇ ಕೆಲಸ ಮುಗಿಸುವ ಹಗುರ ಗುಂಡಿನವು.

ಮರುದಿನ ಮಣ್ಣಿನ ದಿಬ್ಬಕ್ಕೆ ಹಲಗೆ ಒರಗಿಸಿ ಕಾಗದ ಅಂಟಿಸಿದರು. ಮರಳು ಚೀಲದ ಮೇಲೆ ಕೋವಿಯಿಟ್ಟು ಆರ್ಡಿಸ್ ಮಲಗಿದಳು. ಹಾರ್ಲನ್ ಪಕ್ಕದಲ್ಲಿ ಕೂರಲಾರ, ಏಳಲಾರ. “ಉಸಿರು ಬಿಡು. ಬೆರಳು ಕೀಳಬೇಡ, ಒತ್ತು. ಕೆನ್ನೆ ಇಳಿಸು.”

“ಬಾಯಿ ಇಳಿಸು ನೀನು!”

ಅತ್ಯುತ್ತಮವೆಂದು ಡಬ್ಬಿಯ ಮೇಲೆ ಬರೆದಿದ್ದ ತೋಟಾ ಕಾಗದದ ತುಂಬ ಚೆಲ್ಲಾಡಿತು. ಎರಡನೆಯದೂ ಹಾಗೆಯೇ. ಸಾದಾ ಡಬ್ಬಿಯವು ಒಂದೇ ಹೆಬ್ಬೆರಳಲ್ಲಿ ಮುಚ್ಚುವಷ್ಟು ಒತ್ತಾಗಿ ಬಿದ್ದವು. ಅವಳು ಮೊದಲ ಸಲ ನಕ್ಕಳು.

“ಕೊಡಿಲ್ಲಿ ಆ ಆಟದ ಸಾಮಾನು,” ಎಂದ ಹಾರ್ಲನ್.

ಅವನು ಮಲಗಿ ಗುರಿಯಿಟ್ಟ. ಮರಳು ಚೀಲದ ಮೇಲೂ ನಳಿಗೆ ಅಲುಗುತ್ತಿತ್ತು. ಕಾದ, ಬಹಳ ಕಾದ. ಈಡು ಹಾರಿತು. ಗುಂಡು ಹಲಗೆಯನ್ನೇ ಮುಟ್ಟದೆ ದಿಬ್ಬದಲ್ಲಿ ಮಣ್ಣೆಬ್ಬಿಸಿತು.

“ಗಾಳಿ,” ಎಂದ.

“ಹೂಂ, ಗಾಳಿ,” ಎಂದಳು ಆರ್ಡಿಸ್. ಒಂದು ಹುಲ್ಲೆಳೆಯೂ ಅಲುಗುತ್ತಿರಲಿಲ್ಲ.

ಅವನು ಎದ್ದು ಮನೆಯತ್ತ ನಡೆದ. ಎರಡು ದಿನ ಅವಳೊಡನೆ ಮಾತಿಲ್ಲ. ಅವಳೋ ಅಂಗಳದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಂಗಳಕ್ಕೆ. ಇನ್ನೊಂದು ಮರಿ ಹೋಯಿತು. ಕೋವಿ ಹಿಡಿದು ಹೋದರೆ ಕಯೋಟಿ ಕಣ್ಣಿಗೇ ಬೀಳದು. ಮೂರನೆಯ ಬೆಳಿಗ್ಗೆ ಹಾರ್ಲನ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. “ಹುಡುಕ್ಕೊಂಡು ಹೋದ್ರೆ ಸಿಗಲ್ಲ ಅದು. ಕರೀಬೇಕು. ನಡುಗೋದು ಕೈ, ಬಾಯಲ್ಲ.”

ಕೊರಕಲಿನ ಅಂಚಿನಲ್ಲಿ, ಗಾಳಿಗೆ ಎದುರಾಗಿ, ಸೇಜ್ ಪೊದೆಯ ಮರೆಯಲ್ಲಿ ಕೂತರು. ಹಾರ್ಲನ್ ಅಂಗೈ ಬಾಯಿಗೊಡ್ಡಿ ಗಾಯಗೊಂಡ ಮೊಲದಂತೆ ಕಿರುಚಿದ. ಬೆನ್ನು ನಡುಗಿಸುವ ದನಿ. ನಿಲ್ಲಿಸಿದ, ಮತ್ತೆ ಕಿರುಚಿದ. ಎದುರು ದಿಬ್ಬದಿಂದ ಕಯೋಟಿಯೊಂದು ಇಳಿದು, ನಿಂತು, ಮೂಗೆತ್ತಿತು. ಆರ್ಡಿಸ್ ಕಣ್ಣು ಮುಚ್ಚಲಿಲ್ಲ. ಅದು ನಿಂತಲ್ಲೇ ಕುಸಿಯಿತು.

ಹತ್ತಿರ ಹೋಗಿ ನೋಡಿದರೆ ಹೆಣ್ಣು. ಮೊಲೆಗಳ ಸುತ್ತ ರೋಮ ಉದುರಿ, ಹಾಲು ಜಿನುಗುತ್ತಿತ್ತು. ಹಳೆಯ ಗಾಯವೇನೂ ಇರಲಿಲ್ಲ. ಅವಳು ಮೊದಲು ಹೊಡೆದದ್ದು ಇದಲ್ಲ.

“ತನ್ನ ಮರಿಗಳಿಗೋಸ್ಕರ ನಮ್ಮ ಮರಿ ಒಯ್ತಿತ್ತು,” ಎಂದ ಹಾರ್ಲನ್.

“ಬಿಲ ಹುಡುಕೋಣ. ಅದರ ಮರಿಗಳು ಹಸಿದು ಸಾಯಬಾರದು.”

“ಕಣ್ಣು ಬಿಟ್ಟಿದ್ರೆ ಗಂಡು ಸಾಕುತ್ತೆ ಕಣೇ. ಬೇಟೆ ತಂದು ಹಾಕುತ್ತೆ.”

“ಗಂಡಸರ ಮೇಲೆ ಅಷ್ಟೊಂದು ನಂಬಿಕೆ ನಂಗಿಲ್ಲ.”

ಹೊತ್ತು ಇಳಿಯುವವರೆಗೆ ಕೊರಕಲುಗಳನ್ನು ಜಾಲಾಡಿದರು. ಅವನು ಎಡವಿದಾಗ ಅವಳು ತೋಳು ಹಿಡಿದಳು; ಆ ದಿನ ಅವನು ಕೊಡವಿಕೊಳ್ಳಲಿಲ್ಲ. ಬಿಲ ಸಿಗಲಿಲ್ಲ.

ಆ ವಸಂತದಲ್ಲಿ ಮತ್ತೆ ಮರಿ ಹೋಗಲಿಲ್ಲ. ಸುತ್ತಲಿನವರು ಅವರಿಬ್ಬರನ್ನು ಕಯೋಟಿ ಹೊಡೆಯಲು ತಮ್ಮ ಜಮೀನಿಗೂ ಕರೆಯತೊಡಗಿದರು. ಹಾರ್ಲನ್ ಹುರುಪಿನಿಂದ ಹೊರಡುವನು. ಆರ್ಡಿಸ್ ಮಾತ್ರ ಕುರಿ ಈಯುವ ಕಾಲ ಮುಗಿಯುವವರೆಗೆ ಎಲ್ಲಿಗೂ ಒಪ್ಪಲಿಲ್ಲ. ಬೇಸಿಗೆ ಬಂದ ಮೇಲೂ ಕೆಲವೊಮ್ಮೆ ಅವಳು ಕೋವಿಯಿಲ್ಲದೆ, ಬರಿಗೈಯಲ್ಲಿ, ನೆಲದಲ್ಲಿ ಏನನ್ನೋ ಹುಡುಕುತ್ತ, ಕೊರಕಲಿನ ಅಂಚಿನಲ್ಲಿ ಅತ್ತಿಂದಿತ್ತ ನಡೆಯುವುದು ನಮ್ಮ ಬೇಲಿಯಿಂದ ಕಾಣುತ್ತಿತ್ತು.